ಅಟ್ಟಕ್ಕೇರಿಸಿದ ಕಾಯಿ: ಈ ಸಲದ ನನ್ನ ಬೇಸ್‌ಬಾಲ್ ತಂಡ

ಕಳೆದ ಶನಿವಾರ, 2025ರ ಮಾರ್ಚ್ 8ರಂದು ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಹರಾಜು ನಡೆಯಿತು. ಅಮೆರಿಕದ ನಿಜವಾದ ಆಟಗಾರರನ್ನು ಕಾಗದದ ಮೇಲೆ ಕೊಂಡು ಆಡುವ ಆಟ ಇದು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಗೆಳೆಯನೊಬ್ಬನ ಗ್ಯಾರೇಜು, ಎರಡು ಉದ್ದನೆ ಮೇಜು, 12 ಜನ. ಒಬ್ಬೊಬ್ಬರಿಗೂ 260 ಡಾಲರ್, ಅದೂ ಕಾಗದದ ಮೇಲಿನ ದುಡ್ಡು. ಅಷ್ಟರಲ್ಲೇ 23 ಆಟಗಾರರನ್ನು ಕೊಳ್ಳಬೇಕು. ಅಟ್ಲಾಂಟಾ ತಂಡದ ರೊನಾಲ್ಡ್ ಅಕುನ್ಯಾ ಹೆಸರು ಕೂಗಿದಾಗ ಗಂಟೆ ಹನ್ನೊಂದಿರಬೇಕು. 15, 18, 20 ಅಂತ ಸರಸರ ಏರಿದ ಬೆಲೆ 23ಕ್ಕೆ ಬಂದು ನಿಂತುಬಿಟ್ಟಿತು. ನಾನು 24 ಅಂದೆ. ಯಾರೂ ಬಾಯಿ ಬಿಡಲಿಲ್ಲ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಪಕ್ಕದಲ್ಲಿ ಕೂತಿದ್ದವನು ಮೆಲ್ಲಗೆ ಕೇಳಿದ: "ಅವನು ಏಪ್ರಿಲ್ ಪೂರ್ತಿ ಆಡಲ್ಲ, ಗೊತ್ತಿದೆ ಅಲ್ವಾ?"

ಗೊತ್ತಿತ್ತು. ಗೊತ್ತಿದ್ದೇ ತಗೊಂಡೆ. ಯಾಕೆ ಅನ್ನುವುದನ್ನು ಆಟ ಶುರುವಾಗುವ ಮುಂಚೆಯೇ ಬರೆದಿಡಬೇಕು ಅನ್ನಿಸಿತು. ಜೊತೆಗೆ ಉಳಿದ ತಂಡದ ವಿಷಯವನ್ನೂ.

ಊರಿನ ಗೆಳೆಯರಿಗೆ ಹೇಳಿದರೆ "ಡ್ರೀಮ್ ಇಲೆವೆನ್ ಥರಾನಾ?" ಅಂತ ಕೇಳುತ್ತಾರೆ. ಸ್ವಲ್ಪ ಹಾಗೇ. ಆದರೆ ಅಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ, ಒಬ್ಬ ಕೊಹ್ಲಿಯನ್ನು ಎಷ್ಟು ಜನ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ, 162 ಪಂದ್ಯ, ಅವನು ನಮ್ಮವನು. ಮೈದಾನದಲ್ಲಿ ಅವನು ನಿಜವಾಗಿ ಹೊಡೆದದ್ದು, ಓಡಿದ್ದು, ಎಸೆದದ್ದೆಲ್ಲ ನಮ್ಮ ಲೆಕ್ಕಕ್ಕೆ. ಬ್ಯಾಟಿಂಗಿಗೆ ಐದು ವಿಭಾಗ: ಸರಾಸರಿ (ಬ್ಯಾಟ್ ಹಿಡಿದ ಸಲಗಳಲ್ಲಿ ಹಿಟ್ ಆದದ್ದು ಎಷ್ಟು ಪಾಲು), ರನ್, ಹೋಂ ರನ್ (ಸಿಕ್ಸರಿನ ಥರ ಬೇಲಿ ದಾಟಿಸಿದ ಹೊಡೆತ), ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಕದ್ದ ಬೇಸ್ (ಪಿಚರ್ ಎಸೆಯುವಷ್ಟರಲ್ಲಿ, ಹೊಡೆತ ಇಲ್ಲದೆಯೇ, ಮುಂದಿನ ಬೇಸಿಗೆ ಅಂದರೆ ಮುಂದಿನ ನಿಲುಗಡೆಗೆ ಓಡಿ ಸೇರಿದ್ದು). ಪಿಚಿಂಗಿಗೂ, ಅಂದರೆ ಚೆಂಡು ಎಸೆಯುವವರಿಗೂ, ಐದು: ಗೆಲುವು, ಸೇವ್ (ಕೊನೆಯಲ್ಲಿ ಬಂದು ಗೆಲುವು ಕಾಪಾಡಿದ್ದು), ಸ್ಟ್ರೈಕ್‌ಔಟ್ (ಮೂರು ಸಲ ತಪ್ಪಿದ ಬ್ಯಾಟರ್ ಔಟ್), ಒಂಬತ್ತು ಇನ್ನಿಂಗ್ಸಿಗೆ ಅಂದರೆ ಒಂದು ಪೂರ್ತಿ ಪಂದ್ಯಕ್ಕೆ ಎಷ್ಟು ರನ್ ಕೊಟ್ಟ, ಒಂದು ಇನ್ನಿಂಗ್ಸಿಗೆ ಎಷ್ಟು ಜನರನ್ನು ಬೇಸಿಗೆ ಬಿಟ್ಟ. ಪ್ರತಿ ವಿಭಾಗದಲ್ಲೂ ಮೊದಲು ಬಂದವರಿಗೆ 12 ಅಂಕ, ಕೊನೆಯವರಿಗೆ 1. ಪತ್ರಕರ್ತ ಡ್ಯಾನಿಯಲ್ ಓಕ್ರೆಂಟ್ ಮತ್ತು ಗೆಳೆಯರು 1980ರಲ್ಲಿ ಇದನ್ನು ಶುರು ಮಾಡಿದರು. ಅವರು ಊಟಕ್ಕೆ ಸೇರುತ್ತಿದ್ದ ನ್ಯೂಯಾರ್ಕಿನ ಫ್ರೆಂಚ್ ಹೋಟೆಲಿನ ಹೆಸರಿನಿಂದಲೇ ಇದಕ್ಕೆ ಇವತ್ತಿಗೂ 'ರೊಟಿಸರಿ' ಅಂತ ಹೆಸರು.

ನಾನು ಹರಾಜು ಅನ್ನುವುದನ್ನು ಮೊದಲು ನೋಡಿದ್ದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ. ನಮ್ಮೂರು ಅರಸೀಕೆರೆ ಹತ್ತಿರ. ಮನೆ ಅಟ್ಟದ ತುಂಬ ತೆಂಗಿನಕಾಯಿ ಇರುತ್ತಿತ್ತು. ಉಂಡೆ ಕೊಬ್ಬರಿ ಬೇಕು ಅಂದರೆ ಕಾಯಿ ಕೆಡವಿದ ಕೂಡಲೇ ಸುಲಿಯುವ ಹಾಗಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ತಾನಾಗೇ ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು. ಅಪ್ಪ ಅಟ್ಟ ಹತ್ತಿ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಉಂಡೆ ಲೊಡಲೊಡ ಅಂದರೆ ಕೆಳಗೆ ಹಾಕುತ್ತಿದ್ದರು. ನೀರಿನ ಸದ್ದು ಬಂದರೆ ಮತ್ತೆ ಅಲ್ಲೇ. ಪೇಟೆಯಲ್ಲಿ ರೇಟು ಏರಿದೆ ಅಂತ ಸುದ್ದಿ ಬಂದರೂ ಅವರು ಅವಸರ ಮಾಡಿದ್ದು ನನಗೆ ನೆನಪಿಲ್ಲ.

ಅಕುನ್ಯಾ ಈ ಸಲ ನನ್ನ ಅಟ್ಟದ ಮೇಲಿರುವ ಕಾಯಿ.

2024ರ ಮೇ 26, ಭಾನುವಾರ. ಇಲ್ಲಿ ಬೆಳಿಗ್ಗೆ ಹತ್ತೂವರೆ. ನಾನು ದೋಸೆ ಹೊಯ್ಯುತ್ತಿದ್ದೆ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಪಂದ್ಯ ಹಾಕಿದ್ದೆ. ಪಿಟ್ಸ್‌ಬರ್ಗಿನಲ್ಲಿ ಆಟ. ಅಕುನ್ಯಾ ಮೊದಲ ಬ್ಯಾಟರ್ ಆಗಿ ಬಂದು ಡಬಲ್ ಹೊಡೆದು ಎರಡನೇ ಬೇಸಿನಲ್ಲಿ ನಿಂತ. ಮೂರನೇ ಬೇಸ್ ಕದಿಯೋಕೆ ಹೆಜ್ಜೆ ಹಾಕಿದ, ಅರ್ಧಕ್ಕೆ ಮನಸ್ಸು ಬದಲಾಯಿಸಿ ವಾಪಸ್ ತಿರುಗಿದ. ಅಷ್ಟೇ. ಯಾರೂ ತಾಗಲಿಲ್ಲ, ಯಾರೂ ತಳ್ಳಲಿಲ್ಲ. ಎಡ ಮಂಡಿ ಒಳಕ್ಕೆ ಬಾಗಿತು, ಕೆಳಗೆ ಕೂತುಬಿಟ್ಟ. ಕೂತವನು ಎಡಗಾಲನ್ನು ತೋರಿಸುತ್ತಿದ್ದ. ನನ್ನ ದೋಸೆ ಸೀದು ಹೊಗೆ ಬಂದಾಗಲೇ ನನಗೆ ಎಚ್ಚರವಾಗಿದ್ದು. ಏನಾಗಿದೆ ಅಂತ ಟೀವಿಯವರು ಹೇಳುವ ಮುಂಚೆಯೇ ನನಗೆ ಗೊತ್ತಾಗಿತ್ತು.

ಯಾಕೆಂದರೆ ನಾನೂ ಹಾಗೇ ಬಿದ್ದಿದ್ದೆ. 2022ರ ಆಗಸ್ಟ್, ವಾರಾಂತ್ಯದ ಕ್ರಿಕೆಟ್. ಎರಡನೇ ರನ್ನಿಗೆ ತಿರುಗಿದೆ. ಮಂಡಿಯೊಳಗೆ ಪಟ್ ಅಂತ ಒಂದು ಸದ್ದು. ಮಂಡಿಯನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದಿತ್ತು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಅಲ್ಲಿಗೆ ಕಟ್ಟಿದರು. ಆಪರೇಷನ್ ಆದ ಮೊದಲ ವಾರದ ವ್ಯಾಯಾಮ ಏನು ಗೊತ್ತಾ? ಮಂಡಿ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು ಅದನ್ನು ಕೆಳಕ್ಕೆ ಒತ್ತುವುದು. ತೊಡೆ ಬಿಗಿಯಾಗಬೇಕು, ಐದು ಎಣಿಸಬೇಕು, ಬಿಡಬೇಕು. ನನ್ನ ತೊಡೆಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಎಷ್ಟು ಮನಸ್ಸು ಮಾಡಿದರೂ ಸ್ನಾಯು ಅಲ್ಲಾಡುತ್ತಿರಲಿಲ್ಲ. ನಾಲ್ಕನೇ ದಿನ ಚರ್ಮದ ಕೆಳಗೆ ಸಣ್ಣಗೆ ಮಿಸುಕಿದಾಗ ಹೆಂಡತಿಯನ್ನು ಕರೆದು ತೋರಿಸಿದೆ. ಅಮ್ಮ ಫೋನಿನಲ್ಲಿ ದಿನಾ ಕೇಳುತ್ತಿದ್ದದ್ದು ಒಂದೇ: "ಕುಕ್ಕರಗಾಲಲ್ಲಿ ಕೂರೋಕೆ ಬಂತೇನಪ್ಪಾ?" ಅದು ಬರೋಕೆ ಏಳು ತಿಂಗಳು ಹಿಡಿಯಿತು. ಓಡೋದು ಅದಕ್ಕಿಂತ ಮುಂಚೆ ಬಂತು. ಆದರೆ ಓಡುತ್ತಾ ಇದ್ದವನು ಗಕ್ಕನೆ ನಿಂತು ತಿರುಗುವುದು ಇದೆಯಲ್ಲ, ಅದು ಕಾಲು ಸರಿಯಾದ ಮೇಲೂ ಬರಲಿಲ್ಲ. ಮಂಡಿ ಗಟ್ಟಿಯಾಗಿದೆ ಅಂತ ಡಾಕ್ಟರು ಹೇಳುತ್ತಾರೆ, ತಲೆ ಒಪ್ಪುವುದಿಲ್ಲ. ಎರಡನೇ ವರ್ಷ ಒಂದು ದಿನ ಯೋಚನೆ ಮಾಡದೆ ತಿರುಗಿದ್ದೆ. ಮನೆಗೆ ಬಂದ ಮೇಲೆ ನೆನಪಾಯಿತು.

ಅಕುನ್ಯಾಗೆ ಇದು ಎರಡನೇ ಸಲ. 2021ರ ಜುಲೈ 10ರಂದು ಮಯಾಮಿಯಲ್ಲಿ ಕ್ಯಾಚ್ ಹಿಡಿಯಲು ಹಾರಿ ಬಲ ಮಂಡಿ ಹರಿದುಕೊಂಡಿದ್ದ. ಆ ವರ್ಷ ಅವನ ತಂಡ ಅಟ್ಲಾಂಟಾ ಬ್ರೇವ್ಸ್ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಅಂತಿಮ ಪ್ರಶಸ್ತಿ, ಗೆದ್ದಿತು, ಅವನಿಲ್ಲದೆ. 2022ರಲ್ಲಿ ವಾಪಸ್ ಬಂದ. ಸರಾಸರಿ .266, ಹೋಂ ರನ್ 15, ಕದ್ದ ಬೇಸ್ 29. ಬೇರೆಯವರಿಗೆ ಒಳ್ಳೆ ಲೆಕ್ಕವೇ, ಅವನಿಗೆ ಕಡಿಮೆ. 2023ರಲ್ಲಿ? ಸರಾಸರಿ .337, ಹೋಂ ರನ್ 41, ಕದ್ದ ಬೇಸ್ 73. ಒಂದೇ ವರ್ಷದಲ್ಲಿ 40 ಹೋಂ ರನ್ನು, 70 ಬೇಸು ಮಾಡಿದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಎಂವಿಪಿ (ಲೀಗಿನ ವರ್ಷದ ಶ್ರೇಷ್ಠ ಆಟಗಾರ) ಮತದಲ್ಲಿ ಮೊದಲ ಸ್ಥಾನದ ಒಂದು ಮತವೂ ಬೇರೆ ಕಡೆ ಹೋಗಲಿಲ್ಲ.

ಹಾಗಾಗಿ ಈ ವರ್ಷ ಅವನಿಂದ 73 ಬೇಸ್ ಕೇಳುವುದಿಲ್ಲ. ಎರಡೂ ಮಂಡಿ ರಿಪೇರಿ ಆಗಿರುವವನು ಮೊದಲ ವರ್ಷ ಹುಷಾರಾಗಿ ಓಡುತ್ತಾನೆ, ಓಡಬೇಕು ಕೂಡ. 10 ಬೇಸ್ ಬಂದರೆ ಸಾಕು. ಆದರೆ ಅವನ ಕೈ, ಕಣ್ಣು, ಸೊಂಟ ಎಲ್ಲ ಹಾಗೇ ಇವೆ. ಬಂದ ದಿನದಿಂದ ಹೊಡೆಯುತ್ತಾನೆ ಅಂತ ನನ್ನ ನಂಬಿಕೆ. 20 ಹೋಂ ರನ್ ಲೆಕ್ಕ ಹಾಕಿದ್ದೇನೆ. ನಮ್ಮ ಲೀಗಿನಲ್ಲಿ ಕೆಲವರನ್ನು ಇದೇ ಬೆಲೆಗೆ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. 24 ಡಾಲರ್ ಕೊಟ್ಟಿರುವುದು ಈ ವರ್ಷಕ್ಕೆ ಅರ್ಧ, 2026ಕ್ಕೆ ಅರ್ಧ.

ಅವನು ಬರುವವರೆಗೆ ಓಟದ ಭಾರ ಇಬ್ಬರ ಮೇಲೆ. ಒಬ್ಬ ಕ್ಲೀವ್‌ಲ್ಯಾಂಡಿನ ಹೊಸೆ ರಾಮಿರೆಸ್, 41 ಡಾಲರ್, ನನ್ನ ಅತಿ ದುಬಾರಿ ಆಟಗಾರ. ಕಳೆದ ವರ್ಷವೂ ನನ್ನ ಹತ್ತಿರವೇ ಇದ್ದ. ಸೆಪ್ಟೆಂಬರ್ 29, ಕೊನೆ ದಿನದ ಪಂದ್ಯಕ್ಕೆ ಮುಂಚೆ ಅವನ ಲೆಕ್ಕ 39 ಹೋಂ ರನ್, 39 ಡಬಲ್, 41 ಕದ್ದ ಬೇಸ್. ಇನ್ನೊಂದು ಹೋಂ ರನ್, ಇನ್ನೊಂದು ಡಬಲ್ ಬಂದಿದ್ದರೆ ಮೂರರಲ್ಲೂ 40 ಆಗುತ್ತಿತ್ತು. ಮಳೆ ಬಂತು. ಪಂದ್ಯವನ್ನೇ ರದ್ದು ಮಾಡಿದರು, ಪ್ಲೇಆಫ್‌ಗೆ ಅದರಿಂದ ಏನೂ ವ್ಯತ್ಯಾಸ ಇರಲಿಲ್ಲವಲ್ಲ. ಟಾರ್ಪಾಲು ಹಾಸಿದ ಖಾಲಿ ಮೈದಾನದ ಮೇಲೆ ಮಳೆ ಬೀಳುವುದನ್ನೇ ನೋಡುತ್ತಾ ಕೂತಿದ್ದೆ. ಇವನಿಗೆ ಇನ್ನೊಂದು ವರ್ಷ ಕೊಡಲೇಬೇಕು ಅಂತ ಅವತ್ತೇ ಅಂದುಕೊಂಡೆ. 41ಕ್ಕಿಂತ ಮೇಲೆ ಹೋಗಿದ್ದರೂ ಬಿಡುತ್ತಿರಲಿಲ್ಲ.

ಇನ್ನೊಬ್ಬ ಮಿಲ್ವಾಕಿಯ ಬ್ರೈಸ್ ಟುರಾಂಗ್. ಕಳೆದ ವರ್ಷ ಹೋಂ ರನ್ 7 ಮಾತ್ರ, ಕದ್ದ ಬೇಸ್ 50. ಬೇಸ್ ಕದಿಯುವುದು ಈಗ ಮೊದಲಿಗಿಂತ ಸುಲಭ. 2023ರಲ್ಲಿ ಬೇಸ್ ಚೀಲವನ್ನು 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು. ಓಟಗಾರನನ್ನು ಹೆದರಿಸಲು ಪಿಚರ್ ಮತ್ತೆ ಮತ್ತೆ ಬೇಸಿನ ಕಡೆ ಚೆಂಡು ಎಸೆಯುವುದಕ್ಕೂ ಮಿತಿ ಹಾಕಿದರು. ಅಂದಿನಿಂದ ಇದೊಂದು ವಿಭಾಗದಲ್ಲಿ ಮುಂದೆ ಇರಬೇಕಾದರೆ ಒಬ್ಬ ಓಟಗಾರ ಸಾಲದು, ಮೂವರಾದರೂ ಬೇಕು.

ಬೇಸ್ ಕದಿಯುವ ಮಾತು ಬಂದರೆ ಓಕ್ಲಂಡನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ನಾನು ಬೇಸ್‌ಬಾಲ್ ಕಲಿತದ್ದೇ ಓಕ್ಲಂಡ್ ಕೊಲಿಸಿಯಂನಲ್ಲಿ. ಫ್ರೀಮಾಂಟಿನಿಂದ ಬಾರ್ಟ್ ರೈಲು ಹತ್ತಿದರೆ ಸ್ಟೇಷನ್ನಿನಿಂದಲೇ ಸೇತುವೆ, ಸೇತುವೆ ದಾಟಿದರೆ ಮೈದಾನ. ಟಿಕೆಟ್ ಅಗ್ಗ, ಸೀಟು ಬೇಕಾದಷ್ಟು ಖಾಲಿ. ಹೊಸದಾಗಿ ಬಂದವನಿಗೆ ಪಕ್ಕದ ಸೀಟಿನ ಅಜ್ಜಂದಿರು ಪಂದ್ಯ ಪೂರ್ತಿ ಪಾಠ ಹೇಳಿಕೊಡುತ್ತಿದ್ದರು. 2024ರ ಸೆಪ್ಟೆಂಬರ್ 26, ಅಲ್ಲಿ ಕೊನೆ ಪಂದ್ಯ. ಮಗಳಿಗೆ ಶಾಲೆ ಬಿಡಿಸಿ ಕರೆದುಕೊಂಡು ಹೋದೆ. 46 ಸಾವಿರಕ್ಕೂ ಜಾಸ್ತಿ ಜನ. ಓಕ್ಲಂಡಿನ ಹಳೆಯ ಆಟಗಾರ ರಿಕಿ ಹೆಂಡರ್ಸನ್ ಬಂದು ಸಾಂಕೇತಿಕವಾಗಿ ಚೆಂಡು ಎಸೆದರು. ಒಟ್ಟು 1,406 ಬೇಸ್ ಕದ್ದವರು, 1982 ಒಂದೇ ವರ್ಷದಲ್ಲಿ 130. ಒಟ್ಟು ಲೆಕ್ಕದಲ್ಲಿ ಅವರ ಹತ್ತಿರಕ್ಕೂ ಯಾರೂ ಬಂದಿಲ್ಲ. ಓಕ್ಲಂಡಿನ ತಂಡ ಅಥ್ಲೆಟಿಕ್ಸ್ 3-2ರಲ್ಲಿ ಟೆಕ್ಸಸ್ ವಿರುದ್ಧ ಗೆದ್ದಿತು. ಆಟ ಮುಗಿದ ಮೇಲೂ ಯಾರೂ ಏಳಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬಾಕೆ ಸೀಟಿನ ಕೈಯನ್ನು ಸವರುತ್ತಾ ಕೂತಿದ್ದರು. ಮೂರು ತಿಂಗಳು ಕಳೆಯುವುದರೊಳಗೆ, ಡಿಸೆಂಬರ್ 20ಕ್ಕೆ, ರಿಕಿ ತೀರಿಹೋದರು.

ತಂಡ ಈಗ ಸ್ಯಾಕ್ರಮೆಂಟೊ ಪಕ್ಕದ ಒಂದು ಸಣ್ಣ ಮೈದಾನಕ್ಕೆ ಹೋಗಿದೆ. ಊರು ಬಿಟ್ಟ ಮಾಲೀಕರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆಟಗಾರರ ಮೇಲೆ ಯಾಕೆ ಸಿಟ್ಟು? ಬ್ರೆಂಟ್ ರೂಕರ್‌ನನ್ನು 22 ಡಾಲರಿಗೆ ತಗೊಂಡೆ. ಮಿನೆಸೋಟ, ಸ್ಯಾನ್ ಡಿಯಾಗೊ, ಕನ್ಸಾಸ್ ಸಿಟಿ ಮೂರೂ ಕಡೆ ನೆಲೆ ಸಿಗದೆ ಓಕ್ಲಂಡಿಗೆ ಬಂದವನು. ಕಳೆದ ವರ್ಷ 39 ಹೋಂ ರನ್, 112 ಆರ್‌ಬಿಐ. ಸ್ಯಾಕ್ರಮೆಂಟೊ ಕಡೆ ಬೇಸಿಗೆಯ ಬಿಸಿಲು ನಮ್ಮ ರಾಯಚೂರಿನ ಥರ, ಬಿಸಿ ಗಾಳಿಯಲ್ಲಿ ಚೆಂಡು ಇನ್ನೂ ದೂರ ಹೋಗುತ್ತೆ. ಅವನಿಗೆ ಇದು ಒಳ್ಳೆಯದೇ. ಅದೇ ಬಿಸಿಲು ಅದೇ ತಂಡದ ಮೇಸನ್ ಮಿಲ್ಲರ್‌ಗೆ ತೊಂದರೆ ಕೊಡಬಹುದು. ಅವನು ನನ್ನ ಏಕೈಕ ಕ್ಲೋಸರ್, ಅಂದರೆ ಕೊನೆ ಇನ್ನಿಂಗ್ಸಿಗೆ ಬಂದು ಗೆಲುವನ್ನು ಕಾಪಾಡುವವನು. ಕಳೆದ ವರ್ಷ 28 ಸೇವ್, 65 ಇನ್ನಿಂಗ್ಸಿಗೆ 104 ಸ್ಟ್ರೈಕ್‌ಔಟ್. ಗಂಟೆಗೆ 160 ಕಿಲೋಮೀಟರ್ ಅವನಿಗೆ ಮಾಮೂಲಿ ವೇಗ. ಮೈದಾನದಲ್ಲಿ ಹೆದರಿಕೆ ಹುಟ್ಟಿಸುವ ಹಾಗಿರುವ ಇವನಿಗೆ ಟೈಪ್ 1 ಡಯಾಬಿಟಿಸ್ ಇದೆ. ಸಕ್ಕರೆ ನೋಡಿಕೊಂಡು, ಇನ್ಸುಲಿನ್ ತಗೊಂಡು ಆಡುತ್ತಾನೆ.

ಈಗ ನನಗೆ ಎಲ್ಲರಿಗಿಂತ ಇಷ್ಟದವನ ಬಗ್ಗೆ. ಲೂಯಿಸ್ ಅರಾಯೆಸ್, 9 ಡಾಲರ್. ಗ್ಯಾರೇಜಿನಲ್ಲಿ ಇವನಿಗೆ ಸ್ಪರ್ಧೆಯೇ ಇರಲಿಲ್ಲ. ಹೋಂ ರನ್ ಕಳೆದ ವರ್ಷ ನಾಲ್ಕೇ, ಓಟವೂ ಅಷ್ಟಕ್ಕಷ್ಟೇ. ಆದರೆ ಚೆಂಡು ಅವನ ಬ್ಯಾಟಿಗೆ ತಾಗದೆ ಹೋಗುವುದೇ ಅಪರೂಪ. ಕಳೆದ ವರ್ಷ ಇಡೀ ಸೀಸನ್ನಿಗೆ 29 ಸ್ಟ್ರೈಕ್‌ಔಟ್. ಒಮ್ಮೆ ಸತತ 141 ಸಲ ಬ್ಯಾಟಿಂಗಿಗೆ ಬಂದು ಒಂದು ಸಲವೂ ಸ್ಟ್ರೈಕ್‌ಔಟ್ ಆಗಲಿಲ್ಲ. 2022ರಲ್ಲಿ ಮಿನೆಸೋಟ, 2023ರಲ್ಲಿ ಮಯಾಮಿ, 2024ರಲ್ಲಿ ಸ್ಯಾನ್ ಡಿಯಾಗೊ: ಮೂರು ವರ್ಷ, ಮೂರು ತಂಡ, ಮೂರು ಸಲವೂ ತನ್ನ ಲೀಗಿನಲ್ಲಿ ಅತಿ ಹೆಚ್ಚು ಸರಾಸರಿ. ದ್ರಾವಿಡ್ ಆಟ ನೋಡಿ ಬೆಳೆದ ನನಗೆ ಇವನು ಕ್ರೀಸಿಗೆ ಬಂದರೆ ಅದೇ ನೆಮ್ಮದಿ. ಇನ್ನೊಂದು ವಿಷಯ ನನಗೆ ಗೊತ್ತಾಗಿದ್ದು ಸೀಸನ್ ಮುಗಿದ ಮೇಲೆ. ಜೂನ್‌ನಲ್ಲೇ ಅವನ ಎಡ ಹೆಬ್ಬೆರಳಿನ ಲಿಗಮೆಂಟ್ ಹರಿದಿತ್ತು. ಅದನ್ನು ಇಟ್ಟುಕೊಂಡೇ .314 ಸರಾಸರಿ ಮಾಡಿ, ಆಮೇಲೆ ಆಪರೇಷನ್ ಮಾಡಿಸಿಕೊಂಡ. ಓದಿದಾಗ ನನಗೆ 2002ರ ಆಂಟಿಗಾ ನೆನಪಾಯಿತು. ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದ ನಮ್ಮ ಕುಂಬ್ಳೆ. ಹೆಬ್ಬೆರಳು ವಾಸಿಯಾದ ಅರಾಯೆಸ್ ಹೇಗೆ ಆಡಬಹುದು ಅನ್ನುವುದೇ ನನ್ನ ಕುತೂಹಲ.

ಪಿಚರ್‌ಗಳ ವಿಷಯಕ್ಕೆ ಬಂದರೆ ಇನ್ನೂ ಭಯ. ಹರಾಜಿನ ದಿನವೇ ಯಾಂಕೀಸ್ ತಂಡದ ಗೆರಿಟ್ ಕೋಲ್‌ಗೆ ಮೊಣಕೈ ನೋವು, ಪರೀಕ್ಷೆ ನಡೆಯುತ್ತಿದೆ ಅಂತ ಸುದ್ದಿ. 2023ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು 7 ಡಾಲರಿಗೆ ಇಳಿದ. ನನ್ನ ಕೈ ತುರಿಸುತ್ತಿತ್ತು, ತಡೆದುಕೊಂಡೆ. ಒಬ್ಬ ಗೆಳೆಯ ತಗೊಂಡ. ಮಂಗಳವಾರ ಕೋಲ್‌ಗೆ ಟಾಮಿ ಜಾನ್ ಸರ್ಜರಿ ಆಯಿತು, ವರ್ಷ ಪೂರ್ತಿ ಹೋಯಿತು.

ಟಾಮಿ ಜಾನ್ ಅನ್ನುವುದು ಒಬ್ಬ ಪಿಚರ್ ಹೆಸರು. 1974ರಲ್ಲಿ ಅವನ ಎಡ ಮೊಣಕೈ ಲಿಗಮೆಂಟ್ ಹೋದಾಗ, ಡಾಕ್ಟರ್ ಫ್ರಾಂಕ್ ಜೋಬ್ ಬಲಗೈಯ ಸ್ನಾಯುರಜ್ಜು ತೆಗೆದು ಎಡಗೈಗೆ ಕಟ್ಟಿದರು. ಅದಕ್ಕೆ ಮುಂಚೆ ಯಾವ ಪಿಚರ್‌ಗೂ ಹಾಗೆ ಮಾಡಿರಲಿಲ್ಲ. 1976ಕ್ಕೆ ವಾಪಸ್ ಬಂದು, ಆಮೇಲೆ 164 ಪಂದ್ಯ ಗೆದ್ದ. ಇವತ್ತು ಎಷ್ಟೋ ಪಿಚರ್‌ಗಳ ಕೈ ನಿಂತಿರುವುದು ಅದೇ ಗಂಟಿನ ಮೇಲೆ.

ಮಯಾಮಿಯ ಸ್ಯಾಂಡಿ ಅಲ್ಕಾಂಟರನನ್ನು 12 ಡಾಲರಿಗೆ ತಗೊಂಡಿರುವುದು ಅದಕ್ಕೇ. 2022ರಲ್ಲಿ 228 ಇನ್ನಿಂಗ್ಸ್ ದಾಟಿಸಿದ, ಆರು ಪಂದ್ಯಗಳನ್ನು ಮೊದಲಿಂದ ಕೊನೆವರೆಗೆ ತಾನೊಬ್ಬನೇ ಎಸೆದು ಮುಗಿಸಿದ. ಈ ಕಾಲದಲ್ಲಿ ಯಾರೂ ಹಾಗೆ ಎಸೆಯುವುದಿಲ್ಲ. 2023ರ ಅಕ್ಟೋಬರಿನಲ್ಲಿ ಆಪರೇಷನ್, 2024 ಪೂರ್ತಿ ಮನೆಯಲ್ಲಿ. ಈಗ ಹದಿನೇಳು ತಿಂಗಳಾಗಿದೆ. ಅಭ್ಯಾಸ ಪಂದ್ಯಗಳಲ್ಲಿ ಎಸೆಯುತ್ತಿದ್ದಾನೆ, ವೇಗ ಬಂದಿದೆ. ಆದರೆ ವೇಗ ಮೊದಲು ಬರುತ್ತೆ, ಬೇಕಾದ ಜಾಗಕ್ಕೆ ಚೆಂಡು ಹಾಕುವ ಹಿಡಿತ ಆಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಅವನು ಸಿಕ್ಕಾಪಟ್ಟೆ ರನ್ ಕೊಟ್ಟರೂ ನಾನು ಅವನನ್ನು ಬಿಡುವುದಿಲ್ಲ. ಅವನ ಪಕ್ಕಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಲೋಗನ್ ವೆಬ್ ಇದ್ದಾನೆ, ಕಳೆದ ಎರಡು ವರ್ಷವೂ 200 ಇನ್ನಿಂಗ್ಸ್ ದಾಟಿಸಿದವನು. ಅವನ ಬಗ್ಗೆ ಹೇಳೋಕೆ ಜಾಸ್ತಿ ಏನೂ ಇಲ್ಲ, ಐದು ದಿನಕ್ಕೊಮ್ಮೆ ಬಂದು ಕೆಲಸ ಮಾಡಿ ಹೋಗುತ್ತಾನೆ.

ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಜಾಗಕ್ಕೆ ಕನ್ಸಾಸ್ ಸಿಟಿಯ ಸಾಲ್ವಡೋರ್ ಪೆರೆಸ್. 34 ವರ್ಷ, ಕಳೆದ ವರ್ಷ 27 ಹೋಂ ರನ್. ಎರಡನೇ ಕ್ಯಾಚರ್ 1 ಡಾಲರಿನವನು, ಅಲ್ಲಿ ಏನನ್ನೂ ನಿರೀಕ್ಷಿಸುತ್ತಿಲ್ಲ.

ಹರಾಜು ಮುಗಿಯುತ್ತಾ ಬಂದಾಗ ನನ್ನ ಹತ್ತಿರ 11 ಡಾಲರ್, ಇನ್ನೂ ನಾಲ್ಕು ಜಾಗ ಉಳಿದಿತ್ತು. ಯಾರೋ ಮೈಕ್ ಟ್ರೌಟ್ ಹೆಸರು ಹೇಳಿದರು. ಮೂರು ಸಲ ಎಂವಿಪಿ. ನಾನು ಈ ಆಟ ಶುರು ಮಾಡಿದ ಕಾಲದಲ್ಲಿ ಹರಾಜಿನಲ್ಲಿ ಮೊದಲು ಕೂಗುತ್ತಿದ್ದದ್ದೇ ಅವನ ಹೆಸರು. 2021ರಿಂದ 2024ರವರೆಗೆ 648 ಪಂದ್ಯಗಳಲ್ಲಿ ಅವನು ಆಡಿದ್ದು 266. ಮೀನಖಂಡ, ಬೆನ್ನು, ಕೈಮೂಳೆ, ಮಂಡಿ. ಕಳೆದ ವರ್ಷ 29 ಪಂದ್ಯಕ್ಕೆ ಸೀಸನ್ ಮುಗಿಯಿತು, ಅಷ್ಟರಲ್ಲೇ 10 ಹೋಂ ರನ್ ಹೊಡೆದಿದ್ದ. ಈ ಸಲ ಕಾಲಿಗೆ ಸ್ವಲ್ಪ ಆರಾಮ ಸಿಗಲಿ ಅಂತ ಸೆಂಟರ್ ಫೀಲ್ಡ್ ಬಿಟ್ಟು ರೈಟ್ ಫೀಲ್ಡಿಗೆ ಹೋಗುತ್ತಿದ್ದಾನೆ. ಉಳಿದ ಮೂರು ಜಾಗಕ್ಕೆ ಒಂದೊಂದು ಡಾಲರ್ ಎತ್ತಿಟ್ಟರೆ ನನ್ನ ಕೈಲಿದ್ದದ್ದು ಸರಿಯಾಗಿ 8. ಕೂಗಿದೆ. ಗ್ಯಾರೇಜ್ ಒಂದು ಗಳಿಗೆ ಸುಮ್ಮನಾಯಿತು. ಬೇರೆಯವರ ಹತ್ತಿರ ದುಡ್ಡು ಇತ್ತು, ನನಗೆ ಗೊತ್ತು. ಯಾರೂ 9 ಅನ್ನಲಿಲ್ಲ.

ತಂಡದ ಕೊರತೆಗಳನ್ನೂ ಹೇಳಬೇಕು. ಒಬ್ಬನೇ ಕ್ಲೋಸರ್ ಸಾಲದು, ಸೇವ್ ವಿಭಾಗದಲ್ಲಿ ಎಂಟನೇ ಜಾಗ ಸಿಕ್ಕರೆ ಹೆಚ್ಚು. ಸರಾಸರಿಯಲ್ಲಿ, ಕದ್ದ ಬೇಸಿನಲ್ಲಿ ಮೊದಲ ಮೂರರಲ್ಲಿ ಇರುತ್ತೇನೆ. ಹೋಂ ರನ್ ಪೂರ್ತಿ ನಿಂತಿರುವುದು ಅಕುನ್ಯಾ ಯಾವಾಗ ಬರುತ್ತಾನೆ, ಟ್ರೌಟ್ ಎಷ್ಟು ದಿನ ನಿಲ್ಲುತ್ತಾನೆ ಅನ್ನುವುದರ ಮೇಲೆ. ಕಳೆದ ವರ್ಷ ಆರನೇ ಸ್ಥಾನ ಬಂದಿದ್ದೆ. ಜುಲೈವರೆಗೆ ಈ ಸಲವೂ ಅಲ್ಲೇ ಇರುತ್ತೇನೆ ಅನ್ನಿಸುತ್ತೆ. ಆಗಸ್ಟ್‌ನಲ್ಲಿ ನೋಡಿ.

ಮೊದಲ ಪಂದ್ಯ ಬರುವ ಮಂಗಳವಾರ, 18ಕ್ಕೆ, ಟೋಕಿಯೋದಲ್ಲಿ. ಡಾಡ್ಜರ್ಸ್ ವಿರುದ್ಧ ಕಬ್ಸ್. ಕಬ್ಸ್ ಪರ ಎಸೆಯುವವನು ಶೋಟಾ ಇಮನಾಗ, ನನ್ನವನು, 16 ಡಾಲರ್. ಅದೇ ತಂಡದಲ್ಲಿ ಔಟ್‌ಫೀಲ್ಡರ್ ಸೇಯಾ ಸುಜುಕಿ, ಅವನೂ ನನ್ನವನೇ. ಇಬ್ಬರಿಗೂ ತಮ್ಮ ದೇಶದ ಜನರ ಮುಂದೆ ಆಡುವ ದಿನ. ಇಲ್ಲಿ ಆಗ ಬೆಳಗಿನ ಜಾವ 3:10. ಚಿಕ್ಕವನಿದ್ದಾಗ ಆಸ್ಟ್ರೇಲಿಯಾ ಟೆಸ್ಟ್ ನೋಡಲು ಅಪ್ಪ ಐದಕ್ಕೆ ಎಬ್ಬಿಸುತ್ತಿದ್ದರು, ರಗ್ಗು ಹೊದ್ದುಕೊಂಡೇ ಟೀವಿ ಮುಂದೆ ಕೂರುತ್ತಿದ್ದೆವು. ನಿನ್ನೆ ಮಗಳು ನನ್ನ ಫೋನಿನಲ್ಲಿ ಮೂರು ಗಂಟೆಗೆ ಅಲಾರಂ ಇಟ್ಟಿದ್ದಾಳೆ. ಹೇಳದೇ ಎದ್ದು ನೋಡಿಬಿಟ್ಟರೆ ಮಾತು ಬಿಡುತ್ತಾಳಂತೆ.

ಇವತ್ತು ಬೆಳಿಗ್ಗೆ ಅಕುನ್ಯಾನನ್ನು ಗಾಯಾಳು ಪಟ್ಟಿಯ ಜಾಗಕ್ಕೆ ಏರಿಸಿದೆ.